ತೂಕದ ಕಾಲಂ

(ಮಾತಾಡುತ್ತಿರುವವರಲ್ಲಿ ಒಬ್ಬರು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲ ಫಿಸಿಶಿಯನ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬ ಅವರ ತಮ್ಮನ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ರೋಗಿಯ ಕಿಡ್ನಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು ನೋಡಿ ಔಷಧದ ಪ್ರಮಾಣ ಹೇಳುವ ಆ್ಯಪ್ ಒಂದನ್ನು ಅವನ ತಂಡ ಮಾಡಿದೆ. ಹೊರಗೆ ಬಿಡುವ ಮುಂಚೆ ಅತ್ತೆಗೆ ತೋರಿಸಲು ತಂದಿದ್ದಾನೆ.)

ಅಳಿಯ: ನೋಡಿ ಅತ್ತೆ, ಇಷ್ಟೇ. ವಯಸ್ಸು, ಗಂಡೋ ಹೆಣ್ಣೋ, ತೂಕ, ಕ್ರಿಯಾಟಿನಿನ್. ನಾಲ್ಕನ್ನು ಹಾಕಿ ಔಷಧದ ಹೆಸರು ಒತ್ತಿದರೆ ಡೋಸ್ ಬರುತ್ತೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ.

ಅತ್ತೆ: ಅದೊಂದು ಒಳ್ಳೇದು ಮಾಡಿದೆ. ನಮ್ಮ ಹಳೇ ವಾರ್ಡುಗಳ ಗೋಡೆ ದಾಟಿ ಸಿಗ್ನಲ್ ಒಳಗೆ ಬಂದ ದಿನ ಹಬ್ಬ. ಸರಿ, ಒಬ್ಬ ರೋಗಿಯನ್ನು ಕೊಡ್ತೀನಿ, ಹಾಕು. ಹೆಂಗಸು, 78 ವರ್ಷ. ಕ್ರಿಯಾಟಿನಿನ್ 1.0.

ಅಳಿಯ: ನಾರ್ಮಲ್.

ಅತ್ತೆ: ಲ್ಯಾಬಿನವರೂ ಹಾಗೇ ಬರೆದಿದ್ದಾರೆ. ಜ್ವರ, ಕಫ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಲಿವೋಫ್ಲಾಕ್ಸಸಿನ್ 750 ಕೊಡೋಣ ಅಂತ ಡ್ಯೂಟಿ ಡಾಕ್ಟರ್ ಯೋಚನೆ. ಒತ್ತು.

ಅಳಿಯ: ಕ್ಲಿಯರೆನ್ಸ್, ಅಂದರೆ ಕಿಡ್ನಿ ಸೋಸೋ ವೇಗ, 51.24. ದಿನಕ್ಕೊಂದು ಸಲ 750 ಮಿಲಿಗ್ರಾಂ, ಪೂರ್ತಿ ಡೋಸ್.

ಅತ್ತೆ: ನಾನು ಇನ್ನೂ ತೂಕ ಹೇಳೇ ಇಲ್ಲವಲ್ಲೋ?

ಅಳಿಯ: ಹೇಳದಿದ್ದರೆ 70 ಅಂತ ತಗೊಳ್ಳುತ್ತೆ. ಖಾಲಿ ಬಿಟ್ಟರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಲ್ಲ, ಬಳಸೋರಿಗೆ ಕಿರಿಕಿರಿ ಆಗಬಾರದು ಅಂತ ನಾನೇ ಇಟ್ಟೆ. ಪುಸ್ತಕಗಳಲ್ಲೂ ಮಾಮೂಲಿ ಮನುಷ್ಯ ಅಂದರೆ 70 ಕೆ.ಜಿ. ಅಂತಲೇ ಇರುತ್ತೆ.

ಅತ್ತೆ: ಆ ಮನುಷ್ಯ ಪುಸ್ತಕದಲ್ಲಿ ಇರೋದು ಹೌದು. ನಮ್ಮ ಹೆಂಗಸರ ವಾರ್ಡಿಗೆ ಅಡ್ಮಿಟ್ ಆಗೋಕೆ ಮಾತ್ರ ಬರಲಿಲ್ಲ. ಈ ಅಮ್ಮನ ತೂಕ 45. ಹಾಕು.

ಅಳಿಯ: 32.94. ಈಗ... ಒಂದು ದಿನ ಬಿಟ್ಟು ಒಂದು ದಿನ 750.

ಅತ್ತೆ: ಅಂದರೆ ಮೊದಲು ಹೇಳಿದ್ದರ ಅರ್ಧ. ಆ ಔಷಧಕ್ಕೆ ಗೆರೆ ಇರೋದು 50ರಲ್ಲಿ. ನಿನ್ನ 70 ಕೆ.ಜಿ. ಆ ಮುದುಕಿಯನ್ನು ಸದ್ದಿಲ್ಲದೆ ಗೆರೆಯ ಆಚೆ ದಾಟಿಸಿಬಿಟ್ಟಿತು. ವಯಸ್ಸಾದವರಿಗೆ ಆ ಗುಂಪಿನ ಔಷಧ ಹೆಚ್ಚಾದರೆ ರಾತ್ರಿ ಏನೇನೋ ಬಡಬಡಿಸ್ತಾರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಹೋಗೋದೂ ಉಂಟು. ಬಡಬಡಿಸಿದಾಗ ಮನೆಯವರು "ವಯಸ್ಸಾಯ್ತು, ಜ್ವರದ ತಾಪ" ಅಂದುಕೊಳ್ತಾರೆ. ಔಷಧದ ಕಡೆ ಯಾರ ಕಣ್ಣೂ ಹೋಗಲ್ಲ.

ಅಳಿಯ: ಆದರೆ ಕ್ರಿಯಾಟಿನಿನ್ ನಾರ್ಮಲ್ ಇರೋವಾಗ ಕಿಡ್ನಿ ಮೂರನೇ ಒಂದು ಪಾಲು ಕೆಲಸ ಮಾಡ್ತಿದೆ ಅನ್ನೋದು ಹೇಗೆ? ಸೂತ್ರ ಬರೆದಿದ್ದೀನಿ, ಆದರೂ ಅದು ನನ್ನ ತಲೆಗೆ ಸರಿಯಾಗಿ ಇಳಿದಿಲ್ಲ.

ಅತ್ತೆ: ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಲ್ಲಿ, ಹೊರಗೆ ಹೋಗೋದು ಕಿಡ್ನಿಯಲ್ಲಿ. ರಕ್ತದಲ್ಲಿ ನಾವು ಅಳೆಯೋದು ಎರಡರ ನಡುವೆ ನಿಂತ ಮಟ್ಟ. ಬಚ್ಚಲ ತೊಟ್ಟಿಯಲ್ಲಿ ನೀರು ಅರ್ಧಕ್ಕೆ ನಿಂತಿದೆ ಅಂದರೆ, ನಲ್ಲಿಯೂ ಜೋರು ತೂತೂ ದೊಡ್ಡದು ಅಂತ ಇರಬಹುದು, ನಲ್ಲಿಯೂ ಸಣ್ಣ ತೂತೂ ಕಟ್ಟಿದೆ ಅಂತಲೂ ಇರಬಹುದು. 25 ವರ್ಷದ, 70 ಕೆ.ಜಿ.ಯ ಹುಡುಗನಿಗೆ ಅದೇ 1.0 ಹಾಕಿ ನೋಡು.

ಅಳಿಯ: 111.81.

ಅತ್ತೆ: ರಿಪೋರ್ಟಿನಲ್ಲಿ ಇಬ್ಬರದ್ದೂ ಒಂದೇ ಅಂಕಿ. ಒಬ್ಬನಿಗೆ 112, ಒಬ್ಬಳಿಗೆ 33. ಮುದುಕಿಯ ಮಾಂಸ ಕರಗಿದೆ, ಹುಟ್ಟೋದೇ ಕಮ್ಮಿ. ಅದಕ್ಕೇ ಹೊರಗೆ ಹೋಗದೆ ಉಳಿದದ್ದು ಮಟ್ಟದಲ್ಲಿ ಕಾಣಿಸೋದಿಲ್ಲ. ನಿನ್ನ ಆ್ಯಪ್ ಗುಣಾಕಾರ ಭಾಗಾಕಾರ ಮಾಡೋದು ಅಂಥ ದೊಡ್ಡ ವಿಷಯವೇ ಅಲ್ಲ ಮಾರಾಯ. 140ರಿಂದ ವಯಸ್ಸು ಕಳೆ, ತೂಕದಿಂದ ಗುಣಿಸು, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸು, ಹೆಂಗಸಾದರೆ 0.85ರಿಂದ ಗುಣಿಸು. ನಾವು ಕೇಸ್ ಶೀಟಿನ ಅಂಚಲ್ಲಿ ಪೆನ್ಸಿಲಿನಲ್ಲಿ ಮಾಡ್ತಿದ್ದೆವು. ನಿನ್ನ ಆ್ಯಪ್ ನಿಜವಾಗಿ ಉಪಕಾರಕ್ಕೆ ಬರೋದು ಒಂದು ಕಡೆ. ಅದು "ತೂಕ ಎಷ್ಟು?" ಅಂತ ಕೇಳಬಲ್ಲದು. ನೀನು ಆ ಪ್ರಶ್ನೆಯನ್ನೇ ಕೇಳದ ಹಾಗೆ ಮಾಡಿಟ್ಟಿದ್ದೀಯ.

ಅಳಿಯ: ತೂಕ ಕೇಸ್ ಶೀಟಲ್ಲಿ ಇದ್ದೇ ಇರುತ್ತಲ್ಲ?

ಅತ್ತೆ: ಕಾಲಂ ಇರುತ್ತೆ. ಅಂಕಿ ಇರಲ್ಲ. ಮಕ್ಕಳ ವಾರ್ಡಲ್ಲಿ ತೂಕ ನೋಡದೆ ಒಂದು ಹನಿ ಔಷಧ ಕೊಡಲ್ಲ. ಮಗು ಬೆಳೆದು ದೊಡ್ಡವನಾದ ಕೂಡಲೇ ತೂಕ ಯಾರಿಗೂ ಬೇಡವಾಗುತ್ತೆ. ಹಾಸಿಗೆ ಹಿಡಿದವರನ್ನು ಮಷಿನ್ ಮೇಲೆ ನಿಲ್ಲಿಸೋಕೆ ಆಗಲ್ಲ ಅನ್ನೋದು ನಿಜ. ಹಾಸಿಗೆ ಸಮೇತ ತೂಗುವ ಮಂಚ ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಇದೆ, ತಾಲ್ಲೂಕಿನಲ್ಲಿ ಎಲ್ಲಿ ತರೋದು? ನಾವು ಮಗನಿಗೆ ಹೇಳ್ತಿದ್ದೆವು, ಅಮ್ಮನ್ನ ಎತ್ತಿಕೊಂಡು ಮಷಿನ್ ಮೇಲೆ ನಿಲ್ಲಪ್ಪ, ಆಮೇಲೆ ನೀನೊಬ್ಬನೇ ನಿಲ್ಲು ಅಂತ. ಕಳೆದರೆ ಆಯ್ತು. ಎರಡು ನಿಮಿಷದ ಕೆಲಸ. ಕಣ್ಣಂದಾಜಲ್ಲಿ ಹೇಳಿದ ತೂಕಕ್ಕಿಂತ ಸಾವಿರ ಪಾಲು ಮೇಲು.

ಅಳಿಯ: ಸರಿ, 70 ತೆಗೆದೆ. ಆದರೆ ನಾನು ಇನ್ನೊಂದು ಕೇಳಬೇಕು. ಈ ಸೂತ್ರ 1976ರದ್ದು. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅಂತ ಇಬ್ಬರು, ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ್ದು. ನಾನು ಆ ಲೇಖನ ಓದಿದೆ ಅತ್ತೆ, ನನಗೆ ನಗು ಬಂತು. 249 ಜನರ ಲೆಕ್ಕ, ಅದೂ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಹೆಚ್ಚೂಕಮ್ಮಿ ಎಲ್ಲರೂ ಗಂಡಸರು. ಹೆಂಗಸರಿಗೆ ಶೇಕಡಾ 15 ಕಮ್ಮಿ ಅನ್ನೋದು ಆ ಗುಂಪಿನಲ್ಲಿ ಅಳೆದು ಬಂದದ್ದೇ ಅಲ್ಲ, ಹೆಂಗಸರಿಗೆ ಮಾಂಸಖಂಡ ಕಮ್ಮಿ ಅನ್ನೋ ಲೆಕ್ಕದ ಮೇಲೆ ಸೇರಿಸಿದ್ದು. ನಮ್ಮ ಕೋಡಿನಲ್ಲಿ ಅಷ್ಟು ಹಳೇ ತುಂಡೊಂದು ಇದ್ದರೆ ನಾವು ಕಿತ್ತು ಬಿಸಾಡ್ತೀವಿ. 2021ರ ಹೊಸ ಸೂತ್ರ ಇದೆಯಲ್ಲ, ಸಿಕೆಡಿ-ಎಪಿ? ಅದಕ್ಕೆ ತೂಕವೇ ಬೇಕಾಗಿಲ್ಲ!

ಅತ್ತೆ: ಆ ಮುದುಕಿಗೆ ಅದರಲ್ಲಿ ಎಷ್ಟು ಬರುತ್ತೆ?

ಅಳಿಯ: 57.66.

ಅತ್ತೆ: ನೋಡಿದೆಯಾ? ಮತ್ತೆ 50ರ ಮೇಲೆ ಹೋಯ್ತು.

ಅಳಿಯ: ಅದು ಹೆಚ್ಚು ನಿಖರ ಅಂತಾರೆ. ಎಷ್ಟೋ ಸಾವಿರ ಜನರನ್ನು ಅಳೆದು ಮಾಡಿದ್ದು.

ಅತ್ತೆ: ಕಿಡ್ನಿ ಕಾಯಿಲೆ ಇದೆಯೋ ಇಲ್ಲವೋ, ಯಾವ ಹಂತದಲ್ಲಿದೆ ಅಂತ ಹೇಳೋಕೆ ಹೌದು, ಅದೇ ಮೇಲು. ಅದಕ್ಕೂ ಮೊದಲಿನ ಸೂತ್ರಗಳಲ್ಲಿ ಕರಿಯರಿಗೆ ಬೇರೆ ಗುಣಕ ಇತ್ತು, ಅದನ್ನು 2021ರಲ್ಲಿ ತೆಗೆದರು, ಅದೂ ಒಳ್ಳೇದೇ ಆಯ್ತು. ಆದರೆ ಆ 57ರ ಹಿಂದೆ ಒಂದು ಬಾಲ ಇದೆ, ಓದು.

ಅಳಿಯ: ಪ್ರತಿ 1.73 ಚದರ ಮೀಟರಿಗೆ.

ಅತ್ತೆ: ಮೈಯ ಚರ್ಮದ ವಿಸ್ತೀರ್ಣ. 1920ರ ದಶಕದಲ್ಲಿ ಅಮೆರಿಕದ ಇಪ್ಪತ್ತೈದು ವರ್ಷದವರ ಸರಾಸರಿ ತಗೊಂಡು ಗೊತ್ತುಮಾಡಿದ್ದು. ಅಂದರೆ ಸೂತ್ರ ಹೇಳೋದು, "ಈಕೆ ಆ ಅಮೆರಿಕದ ಯುವಕರಷ್ಟು ದೊಡ್ಡವಳಾಗಿದ್ದಿದ್ದರೆ ಇಷ್ಟು" ಅಂತ. ಇಬ್ಬರು ರೋಗಿಗಳನ್ನು ಹೋಲಿಸೋಕೆ ಅದು ಬೇಕು. ಔಷಧ ಹೋಗೋದು ಮಾತ್ರ ಈಕೆಯ ಮೈಯಲ್ಲಿರೋ ಈ ಎರಡು ಕಿಡ್ನಿಗಳ ಮೂಲಕ. 45 ಕೆ.ಜಿ., ಎತ್ತರ 150 ಸೆಂಟಿಮೀಟರ್ ಅಂತ ಇಟ್ಟುಕೋ. ಬಾಲ ಕತ್ತರಿಸಿ ಲೆಕ್ಕ ಹಾಕು.

ಅಳಿಯ: ವಿಸ್ತೀರ್ಣ 1.37. ಹಾಗಾದರೆ... 45.6.

ಅತ್ತೆ: ತೂಕ ಬೇಡ ಅಂದೆ. ಈಗ ಎತ್ತರವೂ ಬೇಕಾಯ್ತು.

ಅಳಿಯ: ಒಬ್ಬಳೇ ರೋಗಿ. 33, 46, 58. ಯಾವುದನ್ನು ನಂಬೋದು?

ಅತ್ತೆ: ಯಾವ ಔಷಧ ಅನ್ನೋದರ ಮೇಲೆ ಹೋಗುತ್ತೆ. ಔಷಧವನ್ನು ಮೊದಲು ಪರೀಕ್ಷೆ ಮಾಡಿದವರು ಯಾವ ಸೂತ್ರ ಹಿಡಿದು ಗೆರೆ ಎಳೆದರೋ ಆ ಸೂತ್ರವೇ ಆ ಔಷಧಕ್ಕೆ. ಲಿವೋಫ್ಲಾಕ್ಸಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡೋ ಡಾಬಿಗಟ್ರಾನ್, ನರದ ಉರಿಗೆ ಕೊಡೋ ಪ್ರಿಗಾಬಲಿನ್, ಇವೆಲ್ಲ ಆ ಹಳೇ ಮಾಂಟ್ರಿಯಲ್ ಲೆಕ್ಕದವು. ಮೆಟ್‌ಫಾರ್ಮಿನ್ ನೋಡು, ಅದಕ್ಕೆ ಅಮೆರಿಕದವರು 2016ರಲ್ಲಿ ಕ್ರಿಯಾಟಿನಿನ್ ಅಂಕಿಯ ಲೆಕ್ಕ ಬಿಟ್ಟು ಸಿಕೆಡಿ-ಎಪಿ ಥರದ ಸೂತ್ರಗಳು ಕೊಡೋ ಇಜಿಎಫ್ಆರ್ ಲೆಕ್ಕಕ್ಕೆ ಬಂದರು. 30ರ ಕೆಳಗೆ ಕೊಡಲೇಬಾರದು, 30ರಿಂದ 45ರ ನಡುವೆ ಹೊಸದಾಗಿ ಶುರುಮಾಡಬಾರದು. ಅದಕ್ಕೆ ಹೊಸ ಸೂತ್ರ. ನೀನು ಹಳೇ ಕೋಡು ಕಿತ್ತು ಬಿಸಾಡಿದರೆ ಅದರ ಮೇಲೆ ನಿಂತ ಗೆರೆಗಳೆಲ್ಲ ಎಲ್ಲಿ ಹೋಗಿ ನಿಲ್ಲಬೇಕು?

ಅಳಿಯ: ಅಂದರೆ ಒಂದೊಂದು ಔಷಧಕ್ಕೆ ಒಂದೊಂದು ಸೂತ್ರ ಕಟ್ಟಿಡಬೇಕು. ಮಾಡಬಹುದು.

ಅತ್ತೆ: ಕಟ್ಟಿಟ್ಟರೆ ಸಾಲದು, ಯಾವುದು ಅಂತ ಪರದೆ ಮೇಲೆ ಕಾಣಬೇಕು. ಕೆಲವು ಔಷಧದವರು ಈ ಗೋಜೇ ಬೇಡ ಅಂತ ಜಾಣರಾಗಿದ್ದಾರೆ. ಅಪಿಕ್ಸಬಾನ್ ಗೊತ್ತಲ್ಲ, ಹೃದಯದ ಬಡಿತ ತಾಳ ತಪ್ಪಿದವರಿಗೆ ಕೊಡೋದು. ವಯಸ್ಸು 80 ತುಂಬಿದೆಯೇ, ತೂಕ 60 ಅಥವಾ ಅದಕ್ಕಿಂತ ಕಮ್ಮಿಯೇ, ಕ್ರಿಯಾಟಿನಿನ್ 1.5 ಮುಟ್ಟಿದೆಯೇ, ಮೂರರಲ್ಲಿ ಎರಡು ಹೌದಾದರೆ ಅರ್ಧ ಡೋಸ್. ಬೆರಳಲ್ಲೇ ಎಣಿಸಬಹುದು. ಅಲ್ಲೂ ಬಂತು ನೋಡು ತೂಕ. ನಮ್ಮ ಕಡೆಯ ಮುದುಕಿಯರಲ್ಲಿ 60 ಮೀರಿದವರು ಎಷ್ಟು ಮಂದಿ?

ಅಳಿಯ: ಈಗ ಆ ಅಮ್ಮನಿಗೇ ಪ್ರಿಗಾಬಲಿನ್ ಹಾಕ್ತೀನಿ. 32.94. 30ರಿಂದ 60ರ ನಡುವೆ, ಹಾಗಾಗಿ ಅರ್ಧ ಡೋಸ್.

ಅತ್ತೆ: ಕ್ರಿಯಾಟಿನಿನ್ 1.1 ಮಾಡು.

ಅಳಿಯ: 29.94. ಕಾಲು ಡೋಸ್ ಅಂತಿದೆ!

ಅತ್ತೆ: ಬೆಳಿಗ್ಗೆ ಒಂದು ಲ್ಯಾಬ್, ಸಂಜೆ ಇನ್ನೊಂದು ಲ್ಯಾಬ್. 0.1 ಆಚೀಚೆ ಆಗೋದು ಮಾಮೂಲು. ನೀನು ಎರಡು ಡೆಸಿಮಲ್ ತೋರಿಸಿದರೆ ಹೊಸ ಹುಡುಗ ಅದನ್ನು ಬಂಗಾರದ ತೂಕದಂತೆ ನಂಬ್ತಾನೆ. ಡೆಸಿಮಲ್ ತೆಗೆ. ಗೆರೆಯ ಹತ್ತಿರ ಇದ್ದರೆ "ಗೆರೆಯ ಹತ್ತಿರ ಇದೆ, ರೋಗಿಯನ್ನು ನೋಡಿ ತೀರ್ಮಾನಿಸಿ" ಅಂತ ಬರೀ.

ಅಳಿಯ: ಡೆಸಿಮಲ್ ತೆಗೀತೀನಿ. "ನೋಡಿ ತೀರ್ಮಾನಿಸಿ" ಅಂತ ಬರೆದರೆ ಮಾತ್ರ ಯಾರೂ ಓದಲ್ಲ ಅತ್ತೆ. ರಾತ್ರಿ ಎರಡು ಗಂಟೆಗೆ ಮೂವತ್ತು ರೋಗಿಗಳನ್ನು ಒಬ್ಬನೇ ನೋಡ್ತಿರೋ ಹುಡುಗನಿಗೆ ಒಂದು ಉತ್ತರ ಬೇಕು. ನೀವು ಅನುಭವದ ಮೇಲೆ ಹೇಳ್ತೀರಿ. ಅನುಭವದಲ್ಲೂ ತಪ್ಪು ಲೆಕ್ಕ ಇತ್ತು. ಕೃಶರಾದ ವಯಸ್ಸಾದವರ ಕ್ರಿಯಾಟಿನಿನ್ 0.5 ಅಂತ ಬಂದರೆ ಹಳೇ ಡಾಕ್ಟರುಗಳು ಅದನ್ನು 1.0 ಅಂತ ಏರಿಸಿಬಿಡ್ತಿದ್ದರಂತೆ?

ಅತ್ತೆ: ಏರಿಸ್ತಿದ್ದರು. ಮಾಂಸವೇ ಇಲ್ಲದವರಲ್ಲಿ 0.5 ಅನ್ನೋದು ಸೂತ್ರದಲ್ಲಿ ಕಿಡ್ನಿಯನ್ನು ಹುಲಿಯ ಹಾಗೆ ತೋರಿಸುತ್ತೆ, ಅದನ್ನು ನಂಬೋಕೆ ಆಗ್ತಿರಲಿಲ್ಲ.

ಅಳಿಯ: ಹೋಲಿಸಿ ನೋಡಿದವರು ಹೇಳೋದು, ಹಾಗೆ ಏರಿಸಿದರೆ ಲೆಕ್ಕ ಇನ್ನೊಂದು ಕಡೆ ತಪ್ಪುತ್ತೆ, ನಿಜಕ್ಕಿಂತ ಬಹಳ ಕೆಳಗೆ ಹೋಗುತ್ತೆ ಅಂತ. ಆಗ ಆ್ಯಂಟಿಬಯಾಟಿಕ್ ಸಾಲದೇ ಹೋಗುತ್ತೆ. ನಾನು ನನ್ನ ಆ್ಯಪಿನಲ್ಲಿ ಏರಿಸಿಲ್ಲ.

ಅತ್ತೆ: ಆ ಮಾತು ಸರಿ, ಒಪ್ಪಿದೆ. ಏರಿಸಬೇಡ. ಅಂಥವರಿಗೆ ಸಿಸ್ಟಾಟಿನ್ ಸಿ ಅಂತ ಇನ್ನೊಂದು ಪರೀಕ್ಷೆ ಇದೆ, ಅದು ಮಾಂಸದ ಮೇಲೆ ಅಷ್ಟು ನಿಂತಿಲ್ಲ. ದುಡ್ಡು ಜಾಸ್ತಿ, ಎಲ್ಲ ಕಡೆ ಆಗಲ್ಲ. ಇನ್ನೊಂದು ನೋಡೋಣ. ಅದೇ ಲಿವೋಫ್ಲಾಕ್ಸಸಿನ್, 750 ಬೇಡ, 500ರ ಕ್ರಮ ಒತ್ತು. ಅದೇ 33.

ಅಳಿಯ: ದಿನಕ್ಕೊಂದು ಸಲ 250.

ಅತ್ತೆ: ಮೊದಲನೇ ಡೋಸ್?

ಅಳಿಯ: ಅದೂ 250.

ಅತ್ತೆ: ಇದು ತಪ್ಪು, ಇವತ್ತು ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊದಲನೆಯದು 500, ಪೂರ್ತಿ. ಆಮೇಲಿನವು 250. ಮೊದಲ ಡೋಸ್ ಮೈಯನ್ನೆಲ್ಲ ಒಮ್ಮೆ ತುಂಬಬೇಕು, ರಕ್ತ, ಶ್ವಾಸಕೋಶ, ಎಲ್ಲ ಕಡೆ. ಅದಕ್ಕೂ ಕಿಡ್ನಿಗೂ ಸಂಬಂಧ ಇಲ್ಲ. ತುಂಬಿದ್ದು ಎಷ್ಟು ಬೇಗ ಖಾಲಿಯಾಗುತ್ತೆ ಅನ್ನೋದಷ್ಟೇ ಕಿಡ್ನಿಯ ಕೈಯಲ್ಲಿ ಇರೋದು. ವ್ಯಾಂಕೊಮೈಸಿನ್ ಅಂಥದ್ದರಲ್ಲಂತೂ ಗಂಭೀರ ರೋಗಿಗೆ ಮೊದಲ ಡೋಸನ್ನು ತೂಕ ಹಿಡಿದು ಪೂರ್ತಿ ಕೊಡ್ತಾರೆ, ಕ್ರಿಯಾಟಿನಿನ್ ಎಷ್ಟೇ ಇರಲಿ. ರಕ್ತಕ್ಕೆ ಸೋಂಕು ಏರಿದವನಿಗೆ ಮೊದಲ ದಿನ ಅರೆಬರೆ ಡೋಸ್ ಕೊಟ್ಟರೆ ಕಿಡ್ನಿ ಉಳಿದು ಮನುಷ್ಯ ಹೋಗ್ತಾನೆ. ಕಿಡ್ನಿ ಅಂದ ಕೂಡಲೇ ಎಲ್ಲವನ್ನೂ ಕಡಿಮೆ ಮಾಡೋದು ಒಂದು ಚಾಳಿ ಆಗಿಬಿಟ್ಟಿದೆ. ಕಡಿಮೆ ಮಾಡಲೇಬೇಕಿಲ್ಲದವೂ ಇವೆ. ಡಾಕ್ಸಿಸೈಕ್ಲಿನ್, ಸೆಫ್ಟ್ರಿಯಾಕ್ಸೋನ್. ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರಕ್ಕೆ ಇವೇ ಬೇಕು, ಅದರಲ್ಲೇ ಕಿಡ್ನಿಯೂ ಕೆಡುತ್ತೆ. ಆ ಹೆಸರು ಒತ್ತಿದರೆ ನಿನ್ನದು ಏನು ಹೇಳುತ್ತೆ?

ಅಳಿಯ: "ಮಾಹಿತಿ ಇಲ್ಲ" ಅಂತ ಬರುತ್ತೆ. ಪಟ್ಟಿಯಲ್ಲಿ ಬದಲಾವಣೆ ಬೇಕಾದವು ಮಾತ್ರ ಇವೆ.

ಅತ್ತೆ: "ಬದಲಾವಣೆ ಬೇಡ" ಅಂತ ಬರಬೇಕು. ಮಾಹಿತಿ ಇಲ್ಲ ಅಂದರೆ ಹೆದರಿ ಅರ್ಧ ಮಾಡ್ತಾರೆ.

ಅಳಿಯ: ಬರೆದುಕೊಂಡೆ.

ಅತ್ತೆ: ಇನ್ನೊಬ್ಬ ರೋಗಿ. ಗಂಡಸು, 40 ವರ್ಷ, 55 ಕೆ.ಜಿ. ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದೆ. ನಿನ್ನೆ ಕ್ರಿಯಾಟಿನಿನ್ 0.9, ಇವತ್ತು 2.0.

ಅಳಿಯ: 38.

ಅತ್ತೆ: ಆತ ನಿನ್ನೆ ಸಂಜೆಯಿಂದ ಮೂತ್ರವನ್ನೇ ಮಾಡಿಲ್ಲ. ಅಂದರೆ ಕಿಡ್ನಿ ಹೆಚ್ಚೂಕಮ್ಮಿ ಸೊನ್ನೆ. ಕ್ರಿಯಾಟಿನಿನ್ ಇನ್ನೂ ಏರ್ತಾ ಇದೆ, ನಾಳೆ 3.5 ಆಗುತ್ತೆ, ನಾಡಿದ್ದು 5. ನಿನ್ನ ಆ್ಯಪ್ ನಾಡಿದ್ದು ಗೊತ್ತಾಗೋ ವಿಷಯವನ್ನು ಇವತ್ತು 38 ಅಂತ ಧೈರ್ಯವಾಗಿ ಹೇಳ್ತಿದೆ. ಮಟ್ಟ ಒಂದೇ ಕಡೆ ನಿಂತಿದ್ದರೆ ಮಾತ್ರ ಈ ಎಲ್ಲ ಸೂತ್ರಗಳೂ ನಡೆಯೋದು.

ಅಳಿಯ: ಅದಕ್ಕೂ ಲೆಕ್ಕ ಇದೆ. 2013ರಲ್ಲಿ ಶೆಲ್ಡನ್ ಚೆನ್ ಅನ್ನೋರು ಮಾಡಿದ್ದು. ಎರಡು ಕ್ರಿಯಾಟಿನಿನ್, ನಡುವಿನ ಗಂಟೆ ಹಾಕಿದರೆ ಏರುವ ವೇಗ ನೋಡಿ ಹೇಳುತ್ತೆ.

ಅತ್ತೆ: ಹಾಕು ಬೇಕಾದರೆ. ನನಗೆ ಅದಕ್ಕಿಂತ ಮೂತ್ರದ ಚೀಲ ನೋಡೋದೇ ಮೇಲು. "ಕಳೆದ ಆರು ಗಂಟೆಯಲ್ಲಿ ಮೂತ್ರ ಎಷ್ಟು?" ಅಂತ ಒಂದು ಪ್ರಶ್ನೆ ಇಡು. ಉತ್ತರ ತೀರಾ ಕಡಿಮೆ ಇದ್ದರೆ ಅಂಕಿಯನ್ನೇ ತೋರಿಸಬೇಡ.

ಅಳಿಯ: ಅಂಕಿ ತೋರಿಸದ ಕ್ಯಾಲ್ಕುಲೇಟರ್! ನಮ್ಮ ಮ್ಯಾನೇಜರ್ ಇದನ್ನು ಒಪ್ಪಲ್ಲ.

ಅತ್ತೆ: ಕಾಯ್ದೆ ಒಪ್ಪಬೇಕಲ್ಲ ಮೊದಲು. 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಇಂಥ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳಲಿ.

ಅಳಿಯ: ನೀವು ಮೊದಲ ಸಲ ಇಂಥದ್ದನ್ನು ನೋಡಿದ್ದು ಯಾವಾಗ?

ಅತ್ತೆ: ಪಾಮ್ ಪೈಲಟ್ ಅನ್ನೋ ಅಂಗೈ ಕಂಪ್ಯೂಟರಿನಲ್ಲಿ. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಸಹಪಾಠಿಯೊಬ್ಬರು ರಜೆಗೆ ಬಂದಾಗ ಕೋಟಿನ ಜೇಬಿನಿಂದ ತೆಗೆದು ತೋರಿಸಿದರು. ಬೂದುಬಣ್ಣದ ಪರದೆ, ಒಂದು ಕಡ್ಡಿ, ಎರಡು ಸಣ್ಣ ಸೆಲ್ಲು.

ಅಳಿಯ: 1996ರದ್ದು. ಮೊದಲ ಮಾದರಿಗೆ ಇದ್ದದ್ದು 128 ಕಿಲೋಬೈಟ್ ಮೆಮೊರಿ. ಈಗ ಒಂದು ಸುಮಾರು ಫೋಟೋ ಹಿಡಿಸಲ್ಲ ಅದರಲ್ಲಿ. ಅದನ್ನು ಮಾಡಿದ ಜೆಫ್ ಹಾಕಿನ್ಸ್ ಮೊದಲು ಅದೇ ಅಳತೆಯ ಮರದ ತುಂಡು ಕೆತ್ತಿ ಜೇಬಲ್ಲಿ ಇಟ್ಟುಕೊಂಡು ತಿರುಗಿದ್ದನಂತೆ. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಮರವನ್ನು ತೆಗೆದು ಬರೆಯೋ ಹಾಗೆ ನಟಿಸ್ತಿದ್ದ. ಜೇಬಿಗೆ ಹಿಡಿಸದ್ದನ್ನು ಜನ ಹಿಡಿದುಕೊಂಡು ತಿರುಗಲ್ಲ ಅಂತ ಅವನಿಗೆ ಗೊತ್ತಿತ್ತು.

ಅತ್ತೆ: ಡಾಕ್ಟರುಗಳಿಗೆ ಹಿಡಿಸಿದ್ದೂ ಅದಕ್ಕೇ. ಔಷಧದ ದಪ್ಪ ಪುಸ್ತಕ ನರ್ಸುಗಳ ಮೇಜಿನ ಮೇಲೆ ಇರುತ್ತೆ, ರೋಗಿ ಹತ್ತನೇ ಹಾಸಿಗೆಯಲ್ಲಿ. ನಡುವಿನ ಆ ಇಪ್ಪತ್ತು ಹೆಜ್ಜೆ ನಡೆಯೋಕೆ ಸೋಮಾರಿತನ ಮಾಡಿಯೇ ಎಷ್ಟೋ ಡೋಸ್ ಬಾಯಿಪಾಠದಲ್ಲಿ ಹೋಗಿದೆ. ಆ ಯಂತ್ರದಲ್ಲೂ ಇದೇ ಸೂತ್ರ ಇತ್ತು. ಆದರೆ ತೂಕ ಹಾಕೋ ತನಕ ಮುಂದೆ ಹೋಗ್ತಿರಲಿಲ್ಲ. ಅಷ್ಟು ಮರ್ಯಾದೆ ಅದಕ್ಕಿತ್ತು. ಅಂದಹಾಗೆ, ನಿನ್ನದರಲ್ಲಿ "ಆದರ್ಶ ತೂಕ" ಅಂತ ಒಂದು ಗುಂಡಿ ಇದೆಯಲ್ಲ, ಅದೇನು?

ಅಳಿಯ: ತೀರಾ ದಪ್ಪ ಇದ್ದವರಿಗೆ ನಿಜವಾದ ತೂಕ ಹಾಕಿದರೆ ಲೆಕ್ಕ ಮೇಲೆ ಹೋಗುತ್ತಲ್ಲ, ಅದಕ್ಕೆ. 1974ರ ಡಿವೈನ್ ಸೂತ್ರ. ಹೆಂಗಸರಿಗೆ ಐದು ಅಡಿಗೆ 45.5 ಕೆ.ಜಿ., ಅದರ ಮೇಲೆ ಪ್ರತಿ ಇಂಚಿಗೆ 2.3.

ಅತ್ತೆ: ಐದು ಅಡಿಗಿಂತ ಗಿಡ್ಡ ಇದ್ದರೆ?

ಅಳಿಯ: ...ಇಂಚು ಮೈನಸ್ ಆಗುತ್ತೆ. ನಾಲ್ಕಡಿ ಎಂಟಿಂಚಿಗೆ 36.3 ಬರುತ್ತೆ.

ಅತ್ತೆ: ಸೂತ್ರ ಶುರುವಾಗೋದೇ ಐದು ಅಡಿಯಿಂದ. ಮಾಡಿದವರಿಗೆ ಅದರ ಕೆಳಗೂ ದೊಡ್ಡವರು ಇರ್ತಾರೆ ಅನ್ನೋದು ಮುಖ್ಯ ಆಗಿರಲಿಲ್ಲ ಅಂತ ಕಾಣುತ್ತೆ. ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಐದು ಅಡಿ ಒಳಗಿನವರಿಗೆ ಆ ಗುಂಡಿ ಬೂದುಬಣ್ಣ ಆಗಲಿ, ಒತ್ತೋಕೆ ಬಾರದ ಹಾಗೆ.

ಅಳಿಯ: ಮಾಡ್ತೀನಿ. ಆದರೆ ನಿಜವಾದ ತೂಕವನ್ನು ಕಡ್ಡಾಯ ಮಾಡಿದರೂ ಒಂದು ತೊಂದರೆ ಇದೆ ಅತ್ತೆ. ಡ್ಯೂಟಿ ಡಾಕ್ಟರ್ ಏನು ಮಾಡ್ತಾನೆ? ಸುಮ್ಮನೆ 60 ಅಂತ ಒತ್ತಿ ಮುಂದೆ ಹೋಗ್ತಾನೆ. ಖಾಲಿ ಬಿಡೋದಕ್ಕಿಂತ ಅದು ಕೆಟ್ಟದ್ದು, ಆಮೇಲೆ ನೋಡಿದವರಿಗೆ ತೂಗಿದ ಹಾಗೇ ಕಾಣುತ್ತೆ.

ಅತ್ತೆ: ಅದು ನಿಜ. ಹಾಗಾದರೆ ಪಕ್ಕದಲ್ಲಿ ಎರಡು ಗುಂಡಿ ಇಡು. ಒಂದು "ತೂಗಿದ್ದು", ಒಂದು "ಅಂದಾಜು". ಯಾವುದನ್ನಾದರೂ ಒತ್ತಲೇಬೇಕು. ಅಂದಾಜು ಅಂತ ಒತ್ತಿದರೆ ಡೋಸಿನ ಪಕ್ಕದಲ್ಲೂ ಅದೇ ಮಾತು ಬರಲಿ, ಕೇಸ್ ಶೀಟಿಗೆ ಪ್ರಿಂಟ್ ಆಗೋದರಲ್ಲೂ ಬರಲಿ. ಬೆಳಿಗ್ಗೆ ರೌಂಡ್ಸಿಗೆ ಬರೋ, ಫಾರ್ಮ್ ಡಿ ಓದಿದ ಫಾರ್ಮಸಿಸ್ಟ್ ಹುಡುಗಿ ಅದನ್ನು ನೋಡಿ "ಸರ್, ಇವರನ್ನು ತೂಗಿಲ್ಲ" ಅಂತ ಕೇಳ್ತಾಳೆ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಡೋಸ್ ತಪ್ಪು ಹಿಡಿಯೋದು ಹೆಚ್ಚಾಗಿ ಅವರೇ. 2008ರಲ್ಲಿ ಆ ಕೋರ್ಸ್ ಶುರುವಾದಾಗ ನಮ್ಮವರು ಮೂಗು ಮುರಿದಿದ್ದರು.

ಅಳಿಯ: ಅಂದಾಜಿನದಕ್ಕೆ ಹತ್ತು ಕೆ.ಜಿ. ಆಚೀಚೆ ಹಾಕಿ ಎರಡು ಡೋಸ್ ತೋರಿಸಬಹುದು. ಎರಡೂ ಒಂದೇ ಬಂದರೆ ತೂಗದಿದ್ದರೂ ಪರವಾಗಿಲ್ಲ, ಬೇರೆ ಬಂದರೆ ತೂಗಲೇಬೇಕು.

ಅತ್ತೆ: ಹೌದಲ್ಲ! ಇದು ನನಗೆ ಹೊಳೆದಿರಲಿಲ್ಲ. ಪೆನ್ಸಿಲಿನಲ್ಲಿ ಯಾರು ಎರಡೆರಡು ಸಲ ಮಾಡ್ತಾರೆ? ಅದನ್ನು ಖಂಡಿತ ಮಾಡು.

ಅಳಿಯ: ಕೊನೇದು. ಡಯಾಲಿಸಿಸ್ ಆಗ್ತಿರೋರಿಗೆ ಒಂದು ಪುಟ ಇದೆ. ಅದನ್ನೂ ಒಮ್ಮೆ ನೋಡಿಬಿಡಿ.

ಅತ್ತೆ: ಯಾವ ಫಿಲ್ಟರ್, ಎಷ್ಟು ಗಂಟೆ, ಡಯಾಲಿಸಿಸ್‌ಗೆ ಮುಂಚೆ ಕೊಟ್ಟಿದ್ದೋ ಆದ ಮೇಲೆ ಕೊಟ್ಟಿದ್ದೋ, ಸ್ವಂತ ಮೂತ್ರ ಇನ್ನೂ ಸ್ವಲ್ಪ ಬರ್ತಿದೆಯೋ, ಇದೆಲ್ಲ ಕೇಳುತ್ತಾ ನಿನ್ನ ಪುಟ?

ಅಳಿಯ: ಇಲ್ಲ. "ಡಯಾಲಿಸಿಸ್: ಹೌದು, ಇಲ್ಲ" ಅಂತ ಅಷ್ಟೇ.

ಅತ್ತೆ: ತೆಗೆ ಅದನ್ನ. ನೆಫ್ರಾಲಜಿಸ್ಟ್ ನಂಬರ್ ಬರೆಯೋಕೆ ಜಾಗ ಬಿಡು.

ಅಳಿಯ: ಬೇರೆ ಕಂಪನಿಯವರದ್ದರಲ್ಲಿ ಇದೆ ಅತ್ತೆ.

ಅತ್ತೆ: ಇರಲಿ ಬಿಡು. ಆ ಮೊದಲ ಮುದುಕಿಯನ್ನು ಮತ್ತೆ ತೆಗಿ, ಈಗ ಯೂರಿನ್ ಇನ್ಫೆಕ್ಷನ್ ಅಂತ ನೈಟ್ರೊಫ್ಯುರಾಂಟಾಯಿನ್ ಬರೆದಿದ್ದಾರೆ ಅಂತಿಟ್ಟುಕೋ. ಅದು ಮೂತ್ರದಲ್ಲಿ ಇಳಿದರೆ ಮಾತ್ರ ಕೆಲಸ ಮಾಡೋ ಔಷಧ. ನಿನ್ನದು ಏನು ಹೇಳುತ್ತೋ ನೋಡೋಣ.